ಆದದ್ದನ್ನು ಆಗದಂತೆ ಮಾಡಬಹುದೇ?

ಆಗಿಹೋದದ್ದನ್ನು ಬದಲಿಸಲು ಸಾಧ್ಯವೇ ಎಂಬುದು ತತ್ವಶಾಸ್ತ್ರದ ಹಳೆಯ ಪ್ರಶ್ನೆ. ಟ್ರಾಯ್ ನಗರ ಸೂರೆಯಾದ ಮೇಲೆ ಅದನ್ನು ಸೂರೆ ಮಾಡಬೇಕೇ ಬೇಡವೇ ಎಂದು ಯಾರೂ ಆಲೋಚಿಸುವುದಿಲ್ಲ, ಆಲೋಚನೆಯೆಲ್ಲ ಮುಂದಿನದರ ಬಗ್ಗೆ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಹೇಳಿದ್ದಾನೆ. ಸರ್ವಶಕ್ತನಾದ ದೇವರಿಗಾದರೂ ಇದು ಸಾಧ್ಯವೇ ಎಂಬ ಚರ್ಚೆಯನ್ನು 11ನೆಯ ಶತಮಾನದ ಕ್ರೈಸ್ತ ಸಂನ್ಯಾಸಿ ಪೀಟರ್ ಡೇಮಿಯನ್ ಒಂದು ದೀರ್ಘ ಪತ್ರದಲ್ಲಿ ನಡೆಸಿದ. ಆದದ್ದು ಆಗಲಿಲ್ಲವೆನ್ನುವುದು ಸ್ವವಿರೋಧ, ಆದ್ದರಿಂದ ಅದು ದೈವಶಕ್ತಿಯ ವ್ಯಾಪ್ತಿಗೂ ಬಾರದು ಎಂಬುದು 13ನೆಯ ಶತಮಾನದ ಥಾಮಸ್ ಅಕ್ವಿನಾಸನ ತೀರ್ಮಾನ. ಅದ್ವೈತದಲ್ಲಿ ಜ್ಞಾನವು ಸಂಚಿತ ಕರ್ಮವನ್ನು ನಾಶಮಾಡಬಲ್ಲದು. ಫಲ ಕೊಡಲು ತೊಡಗಿದ ಪ್ರಾರಬ್ಧವನ್ನು ಮಾತ್ರ ಅನುಭವಿಸಿಯೇ ತೀರಿಸಬೇಕು.

ಸಾಫ್ಟ್‌ವೇರ್ ಬರೆಯುವವರಿಗೆ ಈ ಪ್ರಶ್ನೆ ದಿನನಿತ್ಯದ ತೊಂದರೆಯಾಗಿ ಎದುರಾಗುತ್ತದೆ. ತಪ್ಪು ಕಮಿಟ್ ಆಗಿ ದಾಖಲೆಗೆ ಸೇರಿರುತ್ತದೆ, ಪಾಸ್‌ವರ್ಡ್ ಇರುವ ಕಡತ ಎಲ್ಲರಿಗೂ ಹೋಗಿರುತ್ತದೆ, ಸರ್ವರ್‌ಗೆ ಕಳಿಸಲು ಕೊಟ್ಟ ‘ಪುಶ್’ ತಿರಸ್ಕೃತವಾಗಿರುತ್ತದೆ. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್‌ಗಾಗಿ ರೂಪಿಸಿದ ಗಿಟ್ ಇಂದು ಹೆಚ್ಚು ಬಳಕೆಯಲ್ಲಿರುವ ವಿತರಿತ ವರ್ಷನ್ ಕಂಟ್ರೋಲ್ ತಂತ್ರಾಂಶ, ಎಂದರೆ ಕಡತಗಳ ಬದಲಾವಣೆಗಳ ಇತಿಹಾಸ ಇಡುವ ವ್ಯವಸ್ಥೆ. ಪ್ರತಿಯೊಬ್ಬರ ಯಂತ್ರದಲ್ಲೂ ಪೂರ್ಣ ಇತಿಹಾಸದ ಪ್ರತಿ ಇರುವುದು ಈ ವ್ಯವಸ್ಥೆಯ ಲಕ್ಷಣ.

ಗಿಟ್‌ನ ಕಮಿಟ್ ಎಂದರೆ ಆ ಹೊತ್ತಿನ ಎಲ್ಲ ಕಡತಗಳ ಸ್ಥಿತಿ, ಬರೆದವರ ಹೆಸರು, ಸಮಯ, ವಿವರಣೆ ಮತ್ತು ಹಿಂದಿನ ಕಮಿಟ್‌ನ ಗುರುತು. ಇವೆಲ್ಲವನ್ನೂ ಸಾಮಾನ್ಯವಾಗಿ ಎಸ್‌ಎಚ್‌ಎ-1 ಎಂಬ ಗಣಿತಕ್ರಮಕ್ಕೆ ಒಡ್ಡಿದಾಗ ಬರುವ 40 ಅಂಕಾಕ್ಷರಗಳ ಸಾಲೇ ಆ ಕಮಿಟ್‌ನ ಗುರುತು. ವಿವರಣೆಯಲ್ಲಿ ಒಂದು ಅಕ್ಷರ ತಿದ್ದಿದರೂ ಗುರುತು ಬೇರೆಯಾಗುತ್ತದೆ, ಅದರ ಮೇಲೆ ಕಟ್ಟಿದ ಎಲ್ಲ ಕಮಿಟ್‌ಗಳ ಗುರುತೂ ಬೇರೆಯಾಗುತ್ತದೆ. ‘ಅಮೆಂಡ್’ ಎಂಬ ಆದೇಶ ಹಳೆಯ ಕಮಿಟ್ಟನ್ನು ತಿದ್ದಿದಂತೆ ಕಂಡರೂ ಅದು ಮಾಡುವುದು ಪಕ್ಕದಲ್ಲಿ ಹೊಸದೊಂದನ್ನು ಬರೆಯುವ ಕೆಲಸ. ‘ಬ್ರಾಂಚ್’ ಎಂಬುದು ಬಹಳ ಸಲ 41 ಬೈಟ್‌ಗಳ ಒಂದು ಪುಟ್ಟ ಕಡತ: 40 ಅಂಕಾಕ್ಷರಗಳು, ಕೊನೆಗೊಂದು ಸಾಲುಮುರಿ. ಬದಲಾಗುವುದು ಈ ಹೆಸರು ಯಾವ ಕಮಿಟ್ಟನ್ನು ತೋರಿಸುತ್ತದೆ ಎಂಬುದು. ಅಕ್ವಿನಾಸನ ಮಾತು ಇಲ್ಲಿ ಯಂತ್ರದ ರಚನೆಯಲ್ಲೇ ಸೇರಿಕೊಂಡಿದೆ.

ಮೊದಲ ಬಗೆಯ ತೊಂದರೆ ಕಳೆದುಹೋದ ಕೆಲಸದ್ದು. ಬ್ರಾಂಚನ್ನು ಹಿಂದಿನ ಕಮಿಟ್‌ಗೆ ಸರಿಸುವ ‘ರೀಸೆಟ್ ಹಾರ್ಡ್’ ಕೊಟ್ಟೊಡನೆ ಒಂದೆರಡು ದಿನದ ಕಮಿಟ್‌ಗಳು ಮಾಯವಾದಂತೆ ತೋರುತ್ತವೆ. ಮಾಯವಾದದ್ದು ಅವುಗಳನ್ನು ತೋರಿಸುತ್ತಿದ್ದ ಹೆಸರು ಮಾತ್ರ. ಬ್ರಾಂಚ್ ಮೊದಲು ಎಲ್ಲೆಲ್ಲಿ ನಿಂತಿತ್ತು ಎಂಬುದನ್ನು ‘ರೆಫ್‌ಲಾಗ್’ ಬರೆದಿಟ್ಟಿರುತ್ತದೆ. ಅದರಲ್ಲಿ ಹಳೆಯ ಗುರುತು ಹುಡುಕಿ ಹೊಸ ಬ್ರಾಂಚ್ ಮಾಡಿದರೆ ಕೆಲಸ ಮರಳಿ ಸಿಗುತ್ತದೆ. ಯಾವ ಬ್ರಾಂಚಿನ ಮೇಲೂ ಇಲ್ಲದ ‘ಡಿಟ್ಯಾಚ್ಡ್ ಹೆಡ್’ ಸ್ಥಿತಿಯಲ್ಲಿ ಮಾಡಿದ ಕಮಿಟ್‌ಗಳಿಗೂ ಇದೇ ಪರಿಹಾರ. ಕಮಿಟ್ ಮಾಡದೆ, ಸೇರ್ಪಡೆಗೂ ಇಡದೆ ಬಿಟ್ಟ ತಿದ್ದುಪಡಿಗಳಿಗೆ ಮಾತ್ರ ಈ ರಕ್ಷಣೆ ಇಲ್ಲ.

ರೆಫ್‌ಲಾಗ್‌ಗೂ ಅವಧಿ ಉಂಟು. ಬೇರೆ ಏರ್ಪಾಡು ಮಾಡದಿದ್ದರೆ ಅದರ ನಮೂದುಗಳು 90 ದಿನ, ಬ್ರಾಂಚಿನ ಈಗಿನ ತುದಿಯಿಂದ ತಲುಪಲಾಗದ ಕಮಿಟ್‌ಗಳ ನಮೂದು 30 ದಿನ ಉಳಿಯುತ್ತವೆ. ಆಮೇಲೆ ಯಾವ ಹೆಸರೂ ಇಲ್ಲದ ಕಮಿಟ್‌ಗಳು ಕಸ ತೆಗೆಯುವಾಗ ನಿಜವಾಗಿಯೇ ಅಳಿಯುತ್ತವೆ. ಪರಿಣಾಮಗಳೆಲ್ಲ ಪೂರ್ತಿ ಅಳಿದುಹೋದ ಘಟನೆ ನಡೆದಿತ್ತೆಂದು ಹೇಳಲಾಗದು, ಅದು ಕೇವಲ ಸಾಧ್ಯತೆಯ ಲೋಕಕ್ಕೆ ಸೇರುತ್ತದೆ ಎಂದು ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಸ್ಯೆವಿಚ್ ವಾದಿಸಿದ್ದರು. ಒಂದೇ ಯಂತ್ರದಲ್ಲಿದ್ದು ಅಳಿದ ಕಮಿಟ್ಟಿನ ಸ್ಥಿತಿ ಹೆಚ್ಚುಕಡಿಮೆ ಹೀಗೆಯೇ.

ಎರಡನೆಯ ಬಗೆ, ಎಲ್ಲರಿಗೂ ತಲುಪಿದ ತಪ್ಪು. ಇದಕ್ಕೆ ಸುರಕ್ಷಿತ ಪರಿಹಾರ ‘ರಿವರ್ಟ್’. ಅದು ತಪ್ಪು ಕಮಿಟ್ಟನ್ನು ತೆಗೆಯುವುದಿಲ್ಲ. ಅದರ ವಿರುದ್ಧ ಪರಿಣಾಮವುಳ್ಳ ಇನ್ನೊಂದನ್ನು ಸೇರಿಸುತ್ತದೆ. ಧರ್ಮಶಾಸ್ತ್ರದ ಪ್ರಾಯಶ್ಚಿತ್ತವೂ ಇಂಥದ್ದೇ: ಮಾಡಿದ ಕೃತ್ಯ ನಡೆದೇ ಇಲ್ಲವೆಂದು ಅದು ಹೇಳುವುದಿಲ್ಲ, ಅದರ ದೋಷ ಕಳೆಯಲು ಮತ್ತೊಂದು ಕರ್ಮವನ್ನು ವಿಧಿಸುತ್ತದೆ.

ಪರಿಣಾಮ ಹೋದರೂ ಘಟನೆ ಉಳಿಯುತ್ತದೆ ಎಂಬುದು ಬ್ರಾಂಚ್‌ಗಳನ್ನು ಕೂಡಿಸುವ ಮರ್ಜ್‌ಗಳ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ಒಂದು ಬ್ರಾಂಚನ್ನು ಮುಖ್ಯ ಬ್ರಾಂಚಿಗೆ ಮರ್ಜ್ ಮಾಡಿ, ದೋಷ ಕಂಡು ಆ ಮರ್ಜನ್ನು ರಿವರ್ಟ್ ಮಾಡಿದರೆನ್ನಿ. ದೋಷ ಸರಿಪಡಿಸಿ ಅದೇ ಬ್ರಾಂಚನ್ನು ಮತ್ತೆ ಮರ್ಜ್ ಮಾಡಿದಾಗ ಹೊಸ ತಿದ್ದುಪಡಿ ಮಾತ್ರ ಬರುತ್ತದೆ, ಹಳೆಯ ಕೆಲಸ ಬರುವುದಿಲ್ಲ. ಗಿಟ್‌ನ ಲೆಕ್ಕದಲ್ಲಿ ಆ ಕಮಿಟ್‌ಗಳು ಆಗಲೇ ಸೇರಿವೆ. ಹಳೆಯ ಕೆಲಸ ಬೇಕೆಂದರೆ ರಿವರ್ಟನ್ನೇ ರಿವರ್ಟ್ ಮಾಡಬೇಕು.

ಮೂರನೆಯ ಬಗೆ, ಇತಿಹಾಸವನ್ನೇ ಹೊಸದಾಗಿ ಬರೆಯುವುದರಿಂದ ಹುಟ್ಟುವ ತೊಂದರೆ. ಕಮಿಟ್‌ಗಳನ್ನು ಬೇರೊಂದು ತಳದ ಮೇಲೆ ಮತ್ತೆ ಬರೆಯುವ ‘ರೀಬೇಸ್’ ಮಾಡಿ, ಬಲವಂತದ ‘ಫೋರ್ಸ್ ಪುಶ್’ ಕೊಟ್ಟರೆ ಸರ್ವರ್‌ನಲ್ಲಿ ಹೊಸ ಸರಣಿ ನಿಲ್ಲುತ್ತದೆ, ಸಹೋದ್ಯೋಗಿಯ ಯಂತ್ರದಲ್ಲಿ ಹಳೆಯದೇ ಇರುತ್ತದೆ. ಅವರು ಸರ್ವರ್‌ನದನ್ನು ‘ಪುಲ್’ ಮಾಡಿ ತಂದುಕೊಂಡು ಮರ್ಜ್ ಮಾಡಿದರೆ ಒಂದೇ ಕೆಲಸ ಎರಡು ಗುರುತುಗಳಲ್ಲಿ ಎರಡು ಸಲ ಸೇರುತ್ತದೆ. ‘ಫೋರ್ಸ್ ವಿತ್ ಲೀಸ್’ ಎಂಬ ಆಯ್ಕೆ ಸರ್ವರ್‌ನ ಬ್ರಾಂಚ್ ಈ ನಡುವೆ ಬದಲಾಗಿದ್ದರೆ ಪುಶ್ಶನ್ನು ತಡೆದು, ಇನ್ನೊಬ್ಬರ ಹೊಸ ಕೆಲಸ ಅಳಿಯದಂತೆ ನೋಡುತ್ತದೆ. ಹಳೆಯ ಪ್ರತಿ ಇಟ್ಟುಕೊಂಡವರ ಗೊಂದಲವನ್ನು ಅದೂ ತಪ್ಪಿಸದು. ಸೋರಿದ ಪಾಸ್‌ವರ್ಡ್‌ನ ಸಂಗತಿಯೂ ಹೀಗೆಯೇ. ಇತಿಹಾಸದ ತುಂಬ ಅದನ್ನು ಅಳಿಸಿದರೂ ಮೊದಲೇ ಪ್ರತಿ ಪಡೆದವರಲ್ಲಿ ಅದು ಇದ್ದೇ ಇರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ್ದು ಪಾಸ್‌ವರ್ಡ್ ಬದಲಿಸುವುದು.

ಎಷ್ಟರಮಟ್ಟಿಗೆ ಹೊಸದಾಗಿ ಬರೆಯಲು ಬಿಡಬೇಕೆಂಬುದರಲ್ಲಿ ತಂತ್ರಾಂಶಗಳೇ ಭಿನ್ನ ನಿಲುವು ತಳೆದಿವೆ. ರಿಚರ್ಡ್ ಹಿಪ್ ರೂಪಿಸಿದ ಫಾಸಿಲ್‌ನಲ್ಲಿ ರೀಬೇಸ್ ಇಲ್ಲ. ನಡೆದದ್ದು ನಡೆದಂತೆ ದಾಖಲಾಗಬೇಕೆಂಬುದು ಅದರ ಪಟ್ಟು. ಗಿಟ್ ಬಳಸುವ ಅನೇಕರ ದೃಷ್ಟಿಯಲ್ಲಿ ಇತಿಹಾಸ ಓದುಗರಿಗಾಗಿ ಬರೆದ ನಿರೂಪಣೆ. ಎಡವಿದ್ದೆಲ್ಲವನ್ನೂ ಅದರಲ್ಲಿ ಉಳಿಸಬೇಕಾಗಿಲ್ಲ. 2012ರಲ್ಲಿ ಮರ್ಕ್ಯುರಿಯಲ್ ಎಂಬ ಇನ್ನೊಂದು ತಂತ್ರಾಂಶ ಕಮಿಟ್‌ಗಳಿಗೆ ‘ಫೇಸ್’ ಎಂಬ ಸ್ಥಿತಿಗಳನ್ನು ತಂದಿತು. ಕರಡು ಸ್ಥಿತಿಯಲ್ಲಿದ್ದದ್ದನ್ನು ತಿದ್ದಬಹುದು. ಸಾಮಾನ್ಯ ಸರ್ವರ್‌ಗೆ ಪುಶ್ ಆಗಿ ಸಾರ್ವಜನಿಕವಾದದ್ದನ್ನು ತಿದ್ದಲು ಹೋದರೆ ತಂತ್ರಾಂಶವೇ ತಡೆಯುತ್ತದೆ.

ಈ ಮೂರೂ ನಿಲುವುಗಳಲ್ಲಿ ಮರ್ಕ್ಯುರಿಯಲ್‌ನದು ಪ್ರಶ್ನೆಯ ತಿರುಳಿಗೆ ಹತ್ತಿರ. ಯಾರಿಗೂ ತಲುಪದ ಕಮಿಟ್ಟನ್ನು ಬಿಟ್ಟು ಬೇರೊಂದನ್ನು ಬರೆದರೆ ಯಾರಿಗೂ ಅನ್ಯಾಯವಾಗದು. ಅದರ ಮೇಲೆ ಇನ್ನೊಬ್ಬರು ಕೆಲಸ ಕಟ್ಟಿದ ಮೇಲೆ ಅದು ಬರೆದವರೊಬ್ಬರ ವಶದಲ್ಲಿರುವುದಿಲ್ಲ, ಪ್ರಾರಬ್ಧದಂತೆ ಫಲ ಕೊಡಲು ತೊಡಗಿರುತ್ತದೆ. ಆಗ ಉಳಿಯುವ ದಾರಿಗಳು ಎರಡು: ತಪ್ಪನ್ನು ಉಳಿಸಿಕೊಂಡೇ ಅದರ ಪರಿಣಾಮವನ್ನು ರಿವರ್ಟ್‌ನಿಂದ ನೀಗಿಸುವುದು, ಇಲ್ಲವೇ ಸಂಬಂಧಪಟ್ಟವರಿಗೆಲ್ಲ ತಿಳಿಸಿ, ಅವರ ಒಪ್ಪಿಗೆಯಿಂದ ಎಲ್ಲ ಪ್ರತಿಗಳಲ್ಲೂ ಹೊಸ ಸರಣಿಯನ್ನು ಸ್ವೀಕರಿಸುವುದು.