ಪ್ರಮಾದ ಯಾರದು?

ಅನರ್ಥವೊಂದು ಸಂಭವಿಸಿದಾಗ ಲೋಕವು ಮೊದಲು ಕೇಳುವ ಪ್ರಶ್ನೆ ‘ಯಾರು ಮಾಡಿದರು?’ ಎಂಬುದು. ಉತ್ತರವೂ ಬೇಗನೆ ದೊರೆಯುತ್ತದೆ. ಏಕೆಂದರೆ ಬಹುತೇಕ ಅನರ್ಥಗಳ ಕೊನೆಯಲ್ಲಿ ಒಬ್ಬ ಮನುಷ್ಯನ ಕೈ ಕಾಣಿಸುತ್ತದೆ. ಆದರೆ ಕೊನೆಯಲ್ಲಿ ಕಂಡ ಕೈಯೇ ದೋಷದ ಮೂಲವೇ ಎಂದು ವಿಚಾರಿಸುವ ತಾಳ್ಮೆ ವಿರಳ. ಯುರೋಪಿನ ಆಕಾಶಮಾರ್ಗದಲ್ಲಿ ನಡೆದ ಒಂದು ಘಟನೆ ಈ ವಿಚಾರಕ್ಕೆ ನಿದರ್ಶನವಾಗಿದೆ.

ಆಕಾಶದಲ್ಲಿ ಕಣ್ಣಿಗೆ ಕಾಣುವ ರಸ್ತೆಯೂ ಇಲ್ಲ, ಗಡಿಕಲ್ಲೂ ಇಲ್ಲ. ವಿಮಾನಗಳನ್ನು ಪರಸ್ಪರ ದೂರವಿರಿಸುವ ಹೊಣೆ ನೆಲದ ಮೇಲೆ ರಾಡಾರ್ ಪರದೆಯ ಮುಂದೆ ಕುಳಿತ ಸಂಚಾರ ನಿಯಂತ್ರಕನದು. ನಿಲ್ದಾಣದ ಸಮೀಪದಲ್ಲಿ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ, ದೂರದ ಮಾರ್ಗದಲ್ಲಿ 5 ನಾಟಿಕಲ್ ಮೈಲಿ ಅಂತರವಿರಬೇಕು. ಇಲ್ಲವೇ ಎತ್ತರದಲ್ಲಿ ಕನಿಷ್ಠ 1,000 ಅಡಿಗಳ ವ್ಯತ್ಯಾಸವಿರಬೇಕು. ಅಪರಿಚಿತನಾದ ಆ ಒಬ್ಬನ ಎಚ್ಚರವನ್ನು ನಂಬಿ ನೂರಾರು ಪ್ರಯಾಣಿಕರು ನಿಶ್ಚಿಂತೆಯಿಂದ ನಿದ್ರಿಸುತ್ತಾರೆ.

2002ರ ಜುಲೈ 1ರ ರಾತ್ರಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಿಯಂತ್ರಣ ಕೇಂದ್ರದಲ್ಲಿ ಇಬ್ಬರು ನಿಯಂತ್ರಕರಿದ್ದರು. ನೆರೆಯ ದಕ್ಷಿಣ ಜರ್ಮನಿಯ ಆಕಾಶದ ಒಂದು ಭಾಗವೂ ಆ ಕೇಂದ್ರದ ಮೇಲ್ವಿಚಾರಣೆಗೆ ಸೇರಿತ್ತು. ಇಬ್ಬರಲ್ಲಿ ಒಬ್ಬನು ವಿಶ್ರಾಂತಿಗೆಂದು ಬೇರೆ ಕೊಠಡಿಗೆ ಹೋಗಿದ್ದನು. ಅದು ಆ ರಾತ್ರಿಯ ಹೊಸ ಸಂಗತಿಯಲ್ಲ. ವರ್ಷಗಳಿಂದ ನಡೆದುಬಂದ ರೂಢಿ, ಆಡಳಿತ ವರ್ಗವು ಅರಿತೂ ಸಹಿಸಿಕೊಂಡಿದ್ದ ರೂಢಿ. ಅದೇ ರಾತ್ರಿ ಯಂತ್ರವ್ಯವಸ್ಥೆಯ ದುರಸ್ತಿಯೂ ನಡೆದಿತ್ತು. ಆದ್ದರಿಂದ ಅಪಾಯವನ್ನು ಪರದೆಯ ಮೇಲೆ ತೋರಿಸುವ ಸೂಚನೆ ನಿಂತಿತ್ತು. ಮುಖ್ಯ ದೂರವಾಣಿ ಸ್ಥಗಿತವಾಗಿತ್ತು, ಬದಲಿ ದೂರವಾಣಿಯೂ ಕೆಟ್ಟಿತ್ತು. ಉಳಿದ ಒಬ್ಬನು ಎರಡು ಸ್ಥಾನಗಳ ಕೆಲಸ ನೋಡುತ್ತ, ಫ್ರೀಡ್ರಿಕ್ಸ್‌ಹಾಫೆನ್ ನಿಲ್ದಾಣಕ್ಕೆ ತಡವಾಗಿ ಬರುತ್ತಿದ್ದ ವಿಮಾನವೊಂದನ್ನು ಇಳಿಸುವುದರಲ್ಲಿ ಮಗ್ನನಾಗಿದ್ದನು. ಆ ನಿಲ್ದಾಣಕ್ಕೆ ಕರೆ ಮಾಡಲು ಅವನು ಮತ್ತೆ ಮತ್ತೆ ಯತ್ನಿಸಿದರೂ ಸಂಪರ್ಕ ದೊರೆಯಲಿಲ್ಲ.

ಅತ್ತ 36,000 ಅಡಿ ಎತ್ತರದಲ್ಲಿ ಎರಡು ವಿಮಾನಗಳು ಒಂದರತ್ತ ಒಂದು ಸಾಗಿದ್ದವು. ಒಂದು ಮಾಸ್ಕೋದಿಂದ ಬಾರ್ಸಿಲೋನಾಗೆ ಹೊರಟ ರಷ್ಯಾದ ಪ್ರಯಾಣಿಕ ವಿಮಾನ. ಇನ್ನೊಂದು ಇಟಲಿಯ ಬೆರ್ಗಾಮೊದಿಂದ ಬ್ರಸೆಲ್ಸ್‌ಗೆ ಹೊರಟ ಸರಕು ವಿಮಾನ. ಜರ್ಮನಿಯ ಕಾರ್ಲ್ಸ್‌ರೂಹೆ ಕೇಂದ್ರದವರು ಅಪಾಯವನ್ನು ಕಂಡು ಜ್ಯೂರಿಕ್‌ಗೆ ಕರೆ ಮಾಡಿದರು. ಆ ಕರೆಯೂ ತಲುಪಲಿಲ್ಲ. ನಿಯಂತ್ರಕನು ಗಮನಿಸಿದಾಗ ಒಂದು ನಿಮಿಷದಷ್ಟೂ ಕಾಲ ಉಳಿದಿರಲಿಲ್ಲ. ಅವನು ರಷ್ಯಾದ ವಿಮಾನಕ್ಕೆ ಕೆಳಗಿಳಿಯಲು ಆಜ್ಞಾಪಿಸಿದನು. ಆದರೆ ವಿಮಾನಗಳಲ್ಲಿದ್ದ ರಕ್ಷಣಾ ಯಂತ್ರಗಳು ರಷ್ಯಾದ ವಿಮಾನಕ್ಕೆ ಏರಲು, ಸರಕು ವಿಮಾನಕ್ಕೆ ಇಳಿಯಲು ಸೂಚಿಸಿದವು. ಒಂದು ಮನುಷ್ಯನ ಮಾತನ್ನು ಪಾಲಿಸಿತು, ಇನ್ನೊಂದು ಯಂತ್ರದ ಮಾತನ್ನು. ಎರಡೂ ಕೆಳಗಿಳಿದು ಊಬರ್‌ಲಿಂಗೆನ್ ಪಟ್ಟಣದ ಮೇಲೆ ಡಿಕ್ಕಿ ಹೊಡೆದವು. 71 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಹೆಚ್ಚಿನವರು ರಜೆಗೆ ಹೊರಟ ಮಕ್ಕಳು.

ಆ ವಿಮಾನದಲ್ಲಿ ಪತ್ನಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ತಂದೆಯೊಬ್ಬನು 2004ರ ಫೆಬ್ರವರಿಯಲ್ಲಿ ನಿಯಂತ್ರಕನ ಮನೆಯನ್ನು ಹುಡುಕಿಕೊಂಡು ಹೋಗಿ ಅವನನ್ನು ಇರಿದು ಕೊಂದನು. ಕೊಲೆಯಾದವನಿಗೂ ಹೆಂಡತಿ ಮಕ್ಕಳಿದ್ದರು. ಅನಾಥರ ಸಂಖ್ಯೆ ಹೆಚ್ಚಿತೇ ಹೊರತು ಸತ್ತ ಮಕ್ಕಳಲ್ಲಿ ಒಂದೂ ಹಿಂದಿರುಗಲಿಲ್ಲ. ಜರ್ಮನಿಯ ತನಿಖಾ ವರದಿ ಪ್ರಕಟವಾದುದು ಆ ವರ್ಷದ ಮೇ ತಿಂಗಳಲ್ಲಿ. ಒಬ್ಬನನ್ನೇ ಕಾವಲಿಗೆ ಬಿಡುವ ರೂಢಿಯನ್ನು ಆಡಳಿತವು ಸಹಿಸಿದ್ದನ್ನೂ ಅದು ಎತ್ತಿ ತೋರಿಸಿತು. 2007ರಲ್ಲಿ ಸ್ವಿಸ್ ನ್ಯಾಯಾಲಯವು ಸಂಸ್ಥೆಯ ಎಂಟು ಮಂದಿಯನ್ನು ವಿಚಾರಿಸಿ ನಾಲ್ವರನ್ನು ದೋಷಿಗಳೆಂದು ತೀರ್ಮಾನಿಸಿತು. ಅವರಲ್ಲಿ ಮೂವರು ಮೇಲಧಿಕಾರಿಗಳು. ಕೋಪವು ಕೆಲಸ ಮುಗಿಸಿದ ಮೂರು ವರ್ಷಗಳ ನಂತರ ನ್ಯಾಯವು ಮೂಲದ ಸಮೀಪಕ್ಕೆ ಬಂದಿತು.

ಜಪಾನಿನಲ್ಲಿ ಬೇರೊಂದು ಬಗೆಯ ತೀರ್ಪು ಬಂದಿತು. 2001ರ ಜನವರಿ 31ರಂದು ತರಬೇತಿಯಲ್ಲಿದ್ದ ನಿಯಂತ್ರಕನೊಬ್ಬನು ವಿಮಾನದ ಸಂಖ್ಯೆಯನ್ನು ತಪ್ಪಾಗಿ ಹೇಳಿದ್ದರಿಂದ ಎರಡು ವಿಮಾನಗಳು ಕೂದಲೆಳೆಯಲ್ಲಿ ಪಾರಾದವು. ಸುಮಾರು ನೂರು ಜನರು ಗಾಯಗೊಂಡರು. ಅಲ್ಲಿಯೂ ಯಂತ್ರ ಏರೆಂದಿತ್ತು, ಮನುಷ್ಯ ಇಳಿಯೆಂದಿದ್ದ. ಆ ನಿಯಂತ್ರಕನನ್ನೂ ಅವನ ಮೇಲ್ವಿಚಾರಕರನ್ನೂ ಅಪರಾಧಿಗಳೆಂದು ಹೇಳಿದ ತೀರ್ಪನ್ನು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಯಂತ್ರದ ಸೂಚನೆಗೇ ಮೊದಲ ಮನ್ನಣೆ ಎಂಬ ನಿಯಮವು ಅಂತರರಾಷ್ಟ್ರೀಯ ಮಟ್ಟದಲ್ಲಿ ನಿಸ್ಸಂದಿಗ್ಧವಾದುದು ಊಬರ್‌ಲಿಂಗೆನ್‌ನ ಅನಂತರ. ಜಪಾನಿನ ಘಟನೆಯ ಪಾಠ ಹದಿನೇಳು ತಿಂಗಳು ಹಾಗೆಯೇ ಬಿದ್ದಿತ್ತು. ಆ ವಿಳಂಬ ಯಾರ ದೋಷ?

ಕೈತಪ್ಪಿದವನನ್ನು ದಂಡಿಸಿದರೆ ನಾಳೆ ಕೈತಪ್ಪುವವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಮುಚ್ಚಿಟ್ಟ ತಪ್ಪಿನಿಂದ ಯಾರೂ ಕಲಿಯಲಾರರು. ಹಾಗೆಂದು ಯಾರನ್ನೂ ಕೇಳದೆ ಬಿಟ್ಟರೆ ಮಕ್ಕಳನ್ನು ಕಳೆದುಕೊಂಡವರಿಗೆ ನ್ಯಾಯವೆಲ್ಲಿ? ಇಲ್ಲಿ ವಿವೇಕವು ಒಂದು ಭೇದವನ್ನು ಮಾಡಬೇಕು. ಎಚ್ಚರದಿಂದ ದುಡಿಯುತ್ತಿದ್ದವನು ತಪ್ಪುವುದು ಬೇರೆ. ಅಪಾಯವನ್ನು ಬಲ್ಲವನು ‘ಇದುವರೆಗೆ ಏನೂ ಆಗಿಲ್ಲ’ ಎಂದು ಸುಮ್ಮನಿರುವುದು ಬೇರೆ. ಮೊದಲನೆಯದು ಸ್ಖಲನ, ಎರಡನೆಯದೇ ನಿಜವಾದ ಪ್ರಮಾದ. ಎರಡನೆಯ ಕಾವಲಿನವನನ್ನು ನೇಮಿಸದೆ ಉಳಿದ ವೇತನವನ್ನು ಯಾವ ಗುಮಾಸ್ತನಾದರೂ ಲೆಕ್ಕದ ಪುಸ್ತಕದಲ್ಲಿ ತೋರಿಸಬಲ್ಲ. ಆ ಉಳಿತಾಯಕ್ಕಾಗಿ ಯಾರ ಪ್ರಾಣ ಒತ್ತೆಯಾಗಿದೆಯೆಂಬುದನ್ನು ಬರೆಯಲು ಅದರಲ್ಲಿ ಅಂಕಣವಿಲ್ಲ.

ಇದರಿಂದ ನಿಯಂತ್ರಕನು ಸಂಪೂರ್ಣ ನಿರ್ದೋಷಿಯಾಗುವುದಿಲ್ಲ. ಸಹೋದ್ಯೋಗಿ ಎದ್ದು ಹೋಗುವಾಗ ಅವನು ಒಪ್ಪಿದ್ದನು. ಅವನ ಪಾಲು ಅವನಿಗಿದೆ. ಆದರೆ ದೋಷದ ಪಾಲು ಅರಿವಿಗೂ ಅಧಿಕಾರಕ್ಕೂ ತಕ್ಕಂತೆ ಹಂಚಿಕೆಯಾಗಬೇಕು. ಹೆಚ್ಚು ತಿಳಿದವನಿಗೆ, ತಡೆಯಲು ಹೆಚ್ಚು ಶಕ್ತಿಯಿದ್ದವನಿಗೆ ಹೆಚ್ಚು ಪಾಲು. ಆ ತಂದೆಯ ದುಃಖವನ್ನು ಅಳೆಯಲು ಯಾವ ತಕ್ಕಡಿಯೂ ಸಾಲದು. ಆದರೂ ಅವನ ಚೂರಿ ತಲುಪಿದ್ದು ಎಲ್ಲರಿಗಿಂತ ಸುಲಭವಾಗಿ ಕೈಗೆ ಸಿಕ್ಕವನನ್ನು. ದ್ವೇಷವು ಸಮೀಪದವನನ್ನು ಹುಡುಕುತ್ತದೆ, ಕಾರಣವನ್ನಲ್ಲ.

ಅಂಗಡಿ, ಉಗ್ರಾಣ, ಧರ್ಮಸಂಸ್ಥೆ ನಡೆಸುವವರಿಗೆ ಈ ಮಾತು ಆಕಾಶದಷ್ಟು ದೂರದ್ದಲ್ಲ. ಕಾವಲುಗಾರ ತೂಕಡಿಸಿದನೆಂಬ ದೂರು ಬಂದಾಗ ಅವನನ್ನು ವಿಚಾರಿಸುವುದು ಯುಕ್ತವೇ. ಆದರೆ ಅದಕ್ಕೂ ಮೊದಲು, ಎರಡು ಸರದಿಯ ಕೆಲಸಕ್ಕೆ ಅವನೊಬ್ಬನನ್ನೇ ನಿಲ್ಲಿಸಿದವರು ಯಾರೆಂಬುದನ್ನು ಯಜಮಾನನು ತನ್ನನ್ನೇ ಕೇಳಿಕೊಳ್ಳಬೇಕು.