ಅಜ್ಜಿಯ ಹೆಬ್ಬೆಟ್ಟು

ಚಿಂಚೋಳಿಯ ತಾಂಡಾಗಳಿಂದ ತಂದೆತಾಯಿ ದುಡಿಯಲು ಮುಂಬಯಿ, ಪುಣೆಗೆ ಹೋದರೆ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಸೇಡಂ, ಚಿತ್ತಾಪುರದ ಶಾಲೆಗಳಲ್ಲೂ ಇಂಥ ಮಕ್ಕಳಿದ್ದಾರೆ. ಹಾಸ್ಟೆಲ್ಲಿಗೆ ಸೇರಿಸುವಾಗ ಪಾಲಕರ ಅಫಿಡವಿಟ್ ಕೇಳಿದರೆ, ಬರೆಯುವವನು ಅಜ್ಜಿಯನ್ನು 'ಕಾನೂನುಬದ್ಧ ಪಾಲಕಿ' ಮಾಡಿಬಿಡುತ್ತಾನೆ. ಆಕೆ ಹೆಬ್ಬೆಟ್ಟು ಒತ್ತುತ್ತಾಳೆ.

ಅಫಿಡವಿಟ್ ಇದ್ದುದನ್ನು ಹೇಳಬಲ್ಲದು, ಇಲ್ಲದ ಅಧಿಕಾರವನ್ನು ಕೊಡಲಾರದು. ಅಜ್ಜಿಯನ್ನು ಪಾಲಕಿಯಾಗಿ ನೇಮಿಸುವುದು 1890ರ ಕಾಯಿದೆಯಂತೆ ನ್ಯಾಯಾಲಯದ ಕೆಲಸ. 1956ರ ಹಿಂದೂ ಕಾಯಿದೆಯಲ್ಲಿ ತಂದೆ ಮೊದಲು, 'ಅವನ ನಂತರ' ತಾಯಿ. ನಂತರವೆಂದರೆ ಅವನು ಸತ್ತ ಮೇಲೆಯೇ ಎಂದಲ್ಲ, ಅವನ ಗೈರುಹಾಜರಿಯಲ್ಲೂ ಎಂದು ಸುಪ್ರೀಂ ಕೋರ್ಟು ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಹೇಳಿದ್ದು 1999ರಲ್ಲಿ. ಹೆತ್ತವಳೇ ಇಷ್ಟು ಕಾಯಬೇಕಾದಲ್ಲಿ ಅಜ್ಜಿಯ ಪಾಡೇನು?

ಮಗುವಿನ ಒಳಿತಿಗೆ ಒಂದು ಸುಳ್ಳಾದರೇನು ಎನ್ನುವವರುಂಟು. ನಾನು ಒಪ್ಪಲಾರೆ. ಸುಳ್ಳು ಪ್ರಮಾಣ ಅಪರಾಧ. ಅದರ ಭಾರ ಬೀಳುವುದು ಬರೆದವನ ಮೇಲಲ್ಲ, ಓದು ಬಾರದ ಹೆಬ್ಬೆಟ್ಟಿನ ಮೇಲೆ. ಅದಕ್ಕೆ ನಾನು ಬರೆಸುವುದಿಷ್ಟೇ: ತಂದೆತಾಯಿ ದುಡಿಯಲು ಹೋಗಿದ್ದಾರೆ, ಅವರ ಒಪ್ಪಿಗೆಯಿಂದ ಮಗು ನನ್ನಲ್ಲಿದೆ, ಉಣಿಸಿ ಶಾಲೆಗೆ ಕಳಿಸುವವಳು ನಾನು. ಜೊತೆಗೆ ತಂದೆತಾಯಿಯ ಒಪ್ಪಿಗೆ ಪತ್ರ. ಎಲ್ಲ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು. ಕೆಲವೊಮ್ಮೆ ಈ ಕಾಗದ ತಿರುಗಿ ಬರುತ್ತದೆ, ಮತ್ತೆ ಓಡಾಡಬೇಕಾಗುತ್ತದೆ. ಆದರೂ ಆಗಬಹುದು. ಆ ಮುದುಕಿ ನಿಜವಾಗಿ ಮಾಡುತ್ತಿರುವುದೇ ಸಣ್ಣ ಕೆಲಸವಲ್ಲ.