ಹತ್ತಿರದ ದಾರಿ ಬಿಟ್ಟು ನಡೆಸುವ ದೇವರು

ಯೌವನಸ್ಥರ ಆರಾಧನೆಯ ಸಂದೇಶ
ಓದಬೇಕಾದ ಭಾಗ: ವಿಮೋಚನಕಾಂಡ 13:17-18, 14:19, ಧರ್ಮೋಪದೇಶಕಾಂಡ 25:17-18

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋರೇ, ಇಲ್ಲಿ ಮುಂದೆ ಎರಡು ಸಾಲು ಖಾಲಿ ಇದೆ, ಬನ್ನಿ. ಮುಂದೆ ಕೂತವರ ಹತ್ರ ಕಾಣಿಕೆ ಜಾಸ್ತಿ ಕೇಳಲ್ಲ.

ವಿಮೋಚನಕಾಂಡ 13ನೇ ಅಧ್ಯಾಯ, 17 ಮತ್ತು 18ನೇ ವಚನ. ತಂಗಿ ಓದಿದ್ದನ್ನ ಕೇಳಿಸ್ಕೊಂಡ್ರಲ್ಲ, ಅದನ್ನೇ ನನ್ನ ಮಾತಲ್ಲಿ ಹೇಳ್ತೀನಿ. ಐಗುಪ್ತದಿಂದ ಕಾನಾನಿಗೆ ಒಂದು ಹತ್ತಿರದ ದಾರಿ ಇತ್ತು. ಸಮುದ್ರತೀರ ಹಿಡಿದು ಫಿಲಿಷ್ಟಿಯರ ಸೀಮೆಗೆ ಹೋಗುವ ದಾರಿ. ಅದು ದೇವರಿಗೆ ಗೊತ್ತಿತ್ತು. ಗೊತ್ತಿದ್ದೂ ಆತನು ಜನರನ್ನು ಆ ಕಡೆ ಕರೆದುಕೊಂಡು ಹೋಗಲಿಲ್ಲ. ಸುತ್ತು ಹಾಕಿಸಿ, ಅರಣ್ಯದ ಕಡೆ, ಕೆಂಪು ಸಮುದ್ರದ ಕಡೆ ತಿರುಗಿಸಿದನು.

ಈ ಹತ್ತಿರದ ದಾರಿಯ ಬಗ್ಗೆ ಬೈಬಲಿನ ಹೊರಗೂ ಸಾಕ್ಷಿ ಇದೆ. ಐಗುಪ್ತದವರು ಅದನ್ನ ಹೋರಸ್‌ನ ದಾರಿ ಅಂತ ಕರೀತಿದ್ರು. ಕ್ರಿ.ಪೂ. 13ನೇ ಶತಮಾನದಲ್ಲಿ ಆಳಿದ ಮೊದಲನೇ ಸೇಟಿ ಎಂಬ ಫರೋಹನು ಕಾರ್ನಾಕ್ ದೇವಾಲಯದ ಗೋಡೆ ಮೇಲೆ ಈ ದಾರಿಯನ್ನ ಕೆತ್ತಿಸಿದ್ದಾನೆ. ಕೋಟೆ, ಬಾವಿ, ಮತ್ತೆ ಕೋಟೆ, ಮತ್ತೆ ಬಾವಿ. ಇವತ್ತಿನ ಲೆಕ್ಕದಲ್ಲಿ ಟೋಲ್ ಕಟ್ಟಿ ಹೋಗೋ ಹೈವೇ, ಅಲ್ಲಲ್ಲಿ ಪೆಟ್ರೋಲ್ ಬಂಕು, ದರ್ಶಿನಿ ಹೋಟೆಲು. ಐಗುಪ್ತದ ಗಡಿಯಿಂದ ಗಾಜಾವರೆಗೆ ಇನ್ನೂರು ಚಿಲ್ಲರೆ ಕಿಲೋಮೀಟರ್. ನಮ್ಮ ಬೆಂಗಳೂರಿಂದ ಸಕಲೇಶಪುರ ಎಷ್ಟಿದೆಯೋ ಹೆಚ್ಚೂಕಮ್ಮಿ ಅಷ್ಟೇ. ಮಕ್ಕಳು ಮರಿ ಕಟ್ಟಿಕೊಂಡು ನಡೆದರೂ ಕೆಲವು ವಾರಗಳ ಕೆಲಸ. ಆದರೆ ಪ್ರತಿ ಕೋಟೆಯಲ್ಲೂ ಕೂತಿದ್ದವರು ಫರೋಹನ ಸೈನಿಕರು. ಇಟ್ಟಿಗೆ ತುಳಿದು ಬೆನ್ನು ಬಾಗಿದ ಜನ ಮೊದಲನೇ ಕೋಟೆ ಕಂಡ ಕೂಡಲೇ ವಾಪಸ್ ಓಡ್ತಿದ್ರು. ಯುದ್ಧ ಕಂಡರೆ ಇವರ ಮನಸ್ಸು ಬದಲಾಗುತ್ತೆ ಅನ್ನೋ ಕಾರಣ ವಚನದಲ್ಲೇ ಇದೆ, ನಾನು ಸೇರಿಸ್ತಿಲ್ಲ. ಆ ಒಳ್ಳೇ ರೋಡು ಅವರನ್ನ ಐಗುಪ್ತಕ್ಕೇ ವಾಪಸ್ ತಂದು ಬಿಡ್ತಿತ್ತು.

ಇದನ್ನ ಇವತ್ತು ಯಾಕೆ ತಗೊಂಡೆ ಅಂದ್ರೆ, ಎರಡು ಮೂರು ತಿಂಗಳಿಂದ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆಯನ್ನ ಬೇರೆ ಬೇರೆ ಥರ ಕೇಳ್ತಾ ಇದ್ದೀರಿ. ಒಬ್ಬ ತಮ್ಮ ಇದ್ದಾನೆ, ಹೆಸರು ಬೇಡ. ಉಪವಾಸ ಇದ್ದು ಪ್ರಾರ್ಥನೆ ಮಾಡಿ ಈ ಊರಿಗೆ ಬಂದ. ಕೆಲಸ ಸಿಕ್ತು. ಇದೇ ಜಾಗದಲ್ಲಿ ನಿಂತು ಸಾಕ್ಷಿ ಹೇಳ್ದ, ನಾವೆಲ್ಲ ಕೈ ತಟ್ಟಿದ್ವಿ. ವರ್ಷ ತುಂಬುವ ಮೊದಲೇ ಕಂಪನಿಯವರು ಒಂದು ಮೀಟಿಂಗ್ ಕರೆದು ಹತ್ತು ನಿಮಿಷದಲ್ಲಿ ಮನೆಗೆ ಕಳಿಸಿದ್ರು. ಮನೆ ಬಾಡಿಗೆ, ಗಾಡಿ ಇಎಂಐ, ಊರಿಗೆ ಕಳಿಸಬೇಕಾದ ದುಡ್ಡು, ಎಲ್ಲಾ ಹಾಗೇ ನಿಂತಿದೆ. ಅವನು ಕೇಳಿದ್ದು ದುಡ್ಡಿನ ವಿಷಯ ಅಲ್ಲ. "ಬ್ರದರ್, ನಾನು ದೇವರ ಸ್ವರ ತಪ್ಪಾಗಿ ಕೇಳಿಸ್ಕೊಂಡ್ನಾ? ನಾನು ಹೇಳಿದ ಸಾಕ್ಷಿ ಸುಳ್ಳಾಯ್ತಾ?" ಅಂತ ಕೇಳ್ದ.

ದೇವಜನರೇ, ಈ ಪ್ರಶ್ನೆಗೆ ಉತ್ತರ ಕೊಡದೆ ಹಾಡಿಕೊಂಡು ಮನೆಗೆ ಹೋಗೋದು ಸರಿಯಲ್ಲ. ನಮ್ಮ ಪೆಂತೆಕೊಸ್ತ್ ಸಭೆಗಳಲ್ಲಿ ಒಂದು ಮಾತು ಸುಲಭವಾಗಿ ಓಡಾಡುತ್ತೆ: ದಾರಿ ಸಲೀಸಾಗಿದ್ರೆ ದೇವರ ಚಿತ್ತ, ಗುಂಡಿ ಬಿದ್ರೆ ನಿನ್ನ ನಂಬಿಕೆಯಲ್ಲಿ ಏನೋ ಕೊರತೆ. ಈ ಮಾತು ವಿಮೋಚನಕಾಂಡ 13ನೇ ಅಧ್ಯಾಯದ ಮುಂದೆ ನಿಲ್ಲೋದಿಲ್ಲ. ಮೇಘಸ್ತಂಭ ಕಣ್ಣ ಮುಂದೆಯೇ ಇತ್ತು, ಅದರ ಹಿಂದೆಯೇ ನಡೆದ್ರು, ಮೂರು ದಿನ ನೀರು ಸಿಗಲಿಲ್ಲ. ಸಿಕ್ಕಿದ ನೀರು ಮಾರಾದಲ್ಲಿ ಕಹಿ. ದಾರಿ ತಪ್ಪಿರಲಿಲ್ಲ. ಸರಿಯಾದ ದಾರಿಯಲ್ಲೇ ಬಾಯಾರಿದ್ರು.

ಈಗ ಸ್ವಲ್ಪ ಬೈಕ್ ವಿಷಯಕ್ಕೆ ಬರ್ತೀನಿ. ಹುಡುಗರ ಮುಖ ಅರಳ್ತಾ ಇದೆ, ನೋಡಿ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಾವು ಆರು ಗಾಡಿಯಲ್ಲಿ ಸಕಲೇಶಪುರದ ಕಡೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ವಿ. ಫೋಟೋ ಎಲ್ಲರೂ ನೋಡಿದ್ದೀರಿ. ಹಾಸನ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಾಡ್ಕೊಂಡು ಹೋದ್ವಿ. ಸಕಲೇಶಪುರದಿಂದ ಒಳಗೆ ತಿರುಗಿದ ಮೇಲೆ ಒಂದು ಕಡೆ ದೊಡ್ಡ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಗರಗಸ ತರೋಕೆ ಹೋದವರು ಸಂಜೆಗೆ ಬರ್ತಾರೆ ಅಂದ್ರು. ಅಲ್ಲಿ ನಿಂತಿದ್ದವರು ಕಾಫಿ ತೋಟಗಳ ಮಧ್ಯೆ ಒಂದು ದಾರಿ ತೋರಿಸಿ, "ಹನ್ನೆರಡು ಹದಿಮೂರು ಕಿಲೋಮೀಟರ್ ಆಗ್ತದೆ, ಗಾಡಿ ಹೋಗ್ತದೆ" ಅಂದ್ರು. ಮಲೆನಾಡಿನಲ್ಲಿ ಗಾಡಿ ಹೋಗ್ತದೆ ಅಂದ್ರೆ ಜೀಪ್ ಹೋಗ್ತದೆ ಅಂತ ಅರ್ಥ.

ಮೊದಲ ಒಂದು ಕಿಲೋಮೀಟರ್ ಕೆಂಪು ಮಣ್ಣು, ಚೆನ್ನಾಗೇ ಇತ್ತು. ಆಮೇಲೆ ಮಳೆ ನೀರು ಕೊರೆದ ಕೊರಕಲು, ಮುಷ್ಟಿ ಗಾತ್ರದ ಬಿಡಿ ಕಲ್ಲು, ಮರದ ಬೇರು, ನೆರಳಲ್ಲಿ ಇನ್ನೂ ಒಣಗದ ಕೆಸರು, ಮೂರು ಹಳ್ಳ. ನನ್ನದು ಪಲ್ಸರ್ 150. ನೆಲಕ್ಕೂ ಗಾಡಿ ತಳಕ್ಕೂ ನಡುವೆ 165 ಮಿಲಿಮೀಟರ್ ಜಾಗ. ಮುಂದಿನ ಚಕ್ರ 17 ಇಂಚು. ಗುಂಪಲ್ಲಿ ಒಬ್ಬನದು ಮಾತ್ರ ಹಿಮಾಲಯನ್ 411. ಅದಕ್ಕೆ 220 ಮಿಲಿಮೀಟರ್, ಮುಂದಿನ ಚಕ್ರ 21 ಇಂಚು. ವ್ಯತ್ಯಾಸ ಏನು ಅಂದ್ರೆ, ದೊಡ್ಡ ಚಕ್ರ ಕಲ್ಲಿನ ಮೇಲೆ ಹತ್ತಿ ಹೋಗುತ್ತೆ, ಚಿಕ್ಕ ಚಕ್ರ ಎರಡು ಕಲ್ಲಿನ ಮಧ್ಯೆ ಬಿದ್ದು ಒದ್ದಾಡುತ್ತೆ. ತಳದಲ್ಲಿ ಕಲ್ಲು ಟಣ್ ಅಂದಾಗಲೆಲ್ಲ ಎದೆಗೇ ಬಡಿದ ಹಾಗೆ. ಇನ್ನೊಬ್ಬ ತಮ್ಮನದು ರೇಸ್ ಗಾಡಿ ಥರ ಬಗ್ಗಿ ಕೂರೋ ಬೈಕು. ಆ ಇಳಿಜಾರಲ್ಲಿ ಮೈ ಭಾರವೆಲ್ಲ ಮಣಿಕಟ್ಟಿನ ಮೇಲೆ. ಹೋಗ್ತಾ ಹೋಗ್ತಾ ಅವನು ಹಿಂದೆ ಬಿದ್ದ.

ನಮ್ಮ ಜೊತೆ ಒಬ್ಬ ಅಂಕಲ್ ಬಂದಿದ್ರು. ಐವತ್ತು ದಾಟಿದೆ, ಹುಟ್ಟಿದ್ದು ಆ ಸೀಮೆಯಲ್ಲೇ, ಗಾಡಿ ಹಳೇ ಸ್ಪ್ಲೆಂಡರ್. ಮೊದಲನೇ ಕೊರಕಲಿನ ಹತ್ರ ನಮ್ಮನ್ನೆಲ್ಲ ನಿಲ್ಲಿಸಿದ್ರು. "ಹ್ಯಾಂಡಲ್‌ನ ಬಿಗಿಯಾಗಿ ಹಿಡೀಬೇಡ ಮಗಾ. ಅದು ಅಲ್ಲಾಡ್ಲಿ ಬಿಡು. ಮಂಡಿಯಿಂದ ಟ್ಯಾಂಕ್ ಹಿಡ್ಕೋ, ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಲ್ಲು. ಗುಂಡಿ ನೋಡಬೇಡ, ಗುಂಡಿ ನೋಡಿದ್ರೆ ಗುಂಡಿಗೇ ಹೋಗ್ತೀಯ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ನೋಡು. ಜಲ್ಲಿ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡೀಬೇಡ, ಎರಡನೇ ಗೇರಲ್ಲಿ ನಿಧಾನಕ್ಕೆ ಬಾ." ಅಷ್ಟೇ ಹೇಳಿದ್ದು. ಬೈಕ್ ಕಲಿಸೋರನ್ನ ಕೇಳಿ ನೋಡಿ, ಇದನ್ನೇ ಹೇಳ್ತಾರೆ. ಎದ್ದು ನಿಂತಾಗ ಮೈಭಾರ ಸೀಟ್ ಬಿಟ್ಟು ಕಾಲ ಕೆಳಗೆ ಇಳಿಯುತ್ತೆ, ಗಾಡಿ ನಿಮ್ಮ ಕೆಳಗೆ ಕುಣೀತಾ ಇದ್ರೂ ನೀವು ಕುಣಿಯಲ್ಲ. ಪೇತ್ರನು ನೀರಿನ ಮೇಲೆ ನಡೆದಾಗ ಕಣ್ಣು ಯೇಸುವಿನಿಂದ ಗಾಳಿಯ ಕಡೆ ಹೋಯ್ತು, ಮುಳುಗೋಕೆ ಶುರು ಮಾಡ್ದ. ಮತ್ತಾಯ 14ನೇ ಅಧ್ಯಾಯ, ಮನೆಗೆ ಹೋಗಿ ಓದ್ಕೊಳ್ಳಿ.

ಅರ್ಧ ದಾರಿಯಲ್ಲಿ ಎದುರಿಗೆ ಒಬ್ಬರು ಬಂದ್ರು. ಟಿವಿಎಸ್ ಎಕ್ಸೆಲ್ ಗಾಡಿ, ಮುಂದೆ ಗ್ಯಾಸ್ ಸಿಲಿಂಡರ್, ಹಿಂದೆ ಒಂದು ಮೂಟೆ. ನಾವು ಜಾಕೆಟ್ಟು, ಗ್ಲೋವ್ಸ್ ಹಾಕ್ಕೊಂಡು ಬೆವರ್ತಾ ನಿಂತಿದ್ದೀವಿ, ಅವರು ಚಪ್ಪಲಿ ಕಾಲಲ್ಲಿ ನಮಸ್ಕಾರ ಹೇಳಿ ದಾಟಿ ಹೋದ್ರು. ನಮಗೆ ಅದು ಸಾಹಸ, ಅವರಿಗೆ ಅದು ಮನೆಗೆ ಹೋಗೋ ದಾರಿ. ಬೆಂಗಳೂರಿನಲ್ಲಿ ಕೂತು ಕಷ್ಟದ ಬಗ್ಗೆ ಮಾತಾಡುವಾಗ ಇದು ನನಗೆ ಆಗಾಗ ನೆನಪಾಗುತ್ತೆ.

ನನ್ನ ಪಲ್ಸರ್ ಆ ದಾರಿಯಲ್ಲಿ ಹಿಮಾಲಯನ್ ಆಗಲಿಲ್ಲ. ಕೊನೆವರೆಗೂ ಪಲ್ಸರ್ ಆಗೇ ಇತ್ತು, ಆದರೂ ಊರು ಮುಟ್ತು. ಇಸ್ರಾಯೇಲ್ಯರನ್ನ ನೋಡಿ. ಅಂಥ ಅರಣ್ಯಕ್ಕೆ ಇಳಿಸುವಾಗ ದೇವರು ಅವರಿಗೆ ರಥ ಕೊಟ್ನಾ? ಕುದುರೆ ಕೊಟ್ನಾ? ಕಾಲಲ್ಲಿದ್ದದ್ದು ಐಗುಪ್ತದಿಂದ ಹಾಕ್ಕೊಂಡು ಬಂದ ಪಾದರಕ್ಷೆ. ಧರ್ಮೋಪದೇಶಕಾಂಡ 8 ಮತ್ತು 29ನೇ ಅಧ್ಯಾಯದಲ್ಲಿ ಮೋಶೆ ಹಿಂದಿರುಗಿ ನೋಡಿ ಹೇಳ್ತಾನೆ: ನಲವತ್ತು ವರ್ಷ, ಬಟ್ಟೆ ಸವೆಯಲಿಲ್ಲ, ಪಾದರಕ್ಷೆ ಹರಿಯಲಿಲ್ಲ, ಕಾಲು ಬಾತುಕೊಳ್ಳಲಿಲ್ಲ. ಹೊಸದು ಕೊಡಲಿಲ್ಲ, ಇದ್ದದ್ದನ್ನ ಕಾಪಾಡಿದನು. ನಿನಗೆ ಇರೋದು ಒಂದು ಡಿಪ್ಲೊಮಾ, ಅರ್ಧಂಬರ್ಧ ಇಂಗ್ಲಿಷು, ಬೇಗ ಗಾಬರಿಯಾಗೋ ಸ್ವಭಾವ. ನಿನ್ನನ್ನ ಈ ದಾರಿಗೆ ತಿರುಗಿಸಿದವನು ನಿನ್ನ ಗಾಡಿ ಯಾವುದು ಅಂತ ನೋಡೇ ತಿರುಗಿಸಿದ್ದಾನೆ. ಆಮೆನ್ ಅನ್ನೋರು ಅನ್ನಿ.

ಆದರೆ ಒಂದು ಮಾತು ಹೇಳಲೇಬೇಕು. ಕೆಟ್ಟಿರೋ ಎಲ್ಲ ದಾರಿಯೂ ದೇವರು ಕೊಟ್ಟ ದಾರಿ ಅಲ್ಲ. ಅರಣ್ಯಕಾಂಡ 22ರಲ್ಲಿ ಬಿಳಾಮ ಕತ್ತೆ ಹತ್ತಿ ದುಡ್ಡಿನ ಆಸೆಗೆ ಮೋವಾಬಿಗೆ ಹೊರಟ. ದಾರಿ ಇಕ್ಕಟ್ಟಾಯ್ತು, ಕಾಲು ಗೋಡೆಗೆ ಸಿಕ್ಕಿ ನಜ್ಜಾಯ್ತು, ಕತ್ತೆ ಮಲಗಿಬಿಡ್ತು. ಅಲ್ಲಿ ಹಟ ಮಾಡಿ ಮುಂದೆ ಹೋಗೋದು ನಂಬಿಕೆ ಅಲ್ಲ. ನಿಮ್ಮ ಮೇಲೆ ಕೈ ಮಾಡುವವನ ಜೊತೆ ಮದುವೆಗೆ ಹೊರಟಿರೋ ತಂಗಿ, ಲೋನ್ ಆ್ಯಪ್‌ನಲ್ಲಿ ಸಾಲ ಎತ್ತಿ ಬೆಟ್ಟಿಂಗ್ ಆಡ್ತಿರೋ ತಮ್ಮ, ನಿಮಗೆ ಈ ಸಂದೇಶದ ಮೊದಲ ಭಾಗ ಅನ್ವಯಿಸಲ್ಲ. ಗಾಡಿ ತಿರುಗಿಸಿ. ಇವತ್ತೇ ತಿರುಗಿಸಿ. ಯಾರ ದಾರಿ ಯಾವುದು ಅಂತ ನಾನು ವೇದಿಕೆ ಮೇಲಿಂದ ಹೇಳೋಕಾಗಲ್ಲ, ಕೂತು ಮಾತಾಡೋಣ.

ಈಗ ನನಗೆ ಮುಖ್ಯವಾದ ವಿಷಯ. ಆ ತೋಟದ ದಾರಿಯಲ್ಲಿ ಹಿಮಾಲಯನ್ ಹುಡುಗ ಮುಂದೆ ಇದ್ದ. "ಅಂಕಲ್, ದಾರಿ ನಿಮಗೇ ಗೊತ್ತಿರೋದು, ನೀವು ಮುಂದೆ ಬನ್ನಿ" ಅಂದ. ಅಂಕಲ್ ಒಪ್ಪಲಿಲ್ಲ. "ದಾರಿ ಇರೋದು ಒಂದೇ ಕಣೋ, ನೀನು ಹೋಗು. ಬೀಳೋನು ಯಾವಾಗ್ಲೂ ಹಿಂದೆ ಇರ್ತಾನೆ" ಅಂದ್ರು. ಹಾಗೇ ಆಯ್ತು. ಮೂರನೇ ಹಳ್ಳದಲ್ಲಿ ಪಾಚಿ ಕಲ್ಲಿನ ಮೇಲೆ ಆ ಕೊನೇ ತಮ್ಮನ ಗಾಡಿ ಜಾರಿ ಕಾಲಿನ ಮೇಲೆ ಬಿತ್ತು. ಮುಂದಿದ್ದ ನಮಗೆ ಯಾರಿಗೂ ಕೇಳಿಸಲೇ ಇಲ್ಲ. ಎಂಜಿನ್ ಸದ್ದು, ಹೆಲ್ಮೆಟ್ಟು, ಅವರವರ ಕಲ್ಲು ಅವರವರಿಗೆ. ಅವನ ಹಿಂದೆ ಸ್ಪ್ಲೆಂಡರ್ ಇತ್ತು. ಅಂಕಲ್ ಇಳಿದು ಗಾಡಿ ಎತ್ತಿ, ಬಗ್ಗಿದ ಕ್ಲಚ್ ಲಿವರ್‌ನ ಒಂದು ಕಲ್ಲಿಗೆ ಒತ್ತಿ ನೆಟ್ಟಗೆ ಮಾಡಿ, ಅವನಿಗೆ ನೀರು ಕುಡಿಸಿ, ಕರ್ಕೊಂಡು ಬಂದ್ರು. ಗುಂಪಾಗಿ ರೈಡ್ ಹೋಗೋರು ಇದನ್ನ ಸ್ವೀಪ್ ಅಂತಾರೆ. ಗುಂಪಿನಲ್ಲಿ ಚೆನ್ನಾಗಿ ಪಳಗಿದವರಲ್ಲಿ ಒಬ್ಬರನ್ನ ಕೊನೆಗೆ ಇಡ್ತಾರೆ. ಅವರ ಮುಂದೆ ಯಾರನ್ನೂ ಬಿಟ್ಟು ಹೋಗೋ ಹಾಗಿಲ್ಲ.

ಧರ್ಮೋಪದೇಶಕಾಂಡ 25 ತೆಗೀರಿ. ಅಮಾಲೇಕ್ಯರು ಎಲ್ಲಿ ಹೊಡೆದ್ರು? ಮುಂದೆ ನಡೆಯುತ್ತಿದ್ದ ಗಟ್ಟಿಗರನ್ನ ಹೊಡೆದರು ಅಂತ ಮೋಶೆ ಹೇಳಲ್ಲ. ದಣಿದು ಸುಸ್ತಾಗಿ ಹಿಂದೆ ಬಿದ್ದವರನ್ನ ಹೊಡೆದ್ರು. ಸೈತಾನನಿಗೆ ಇವತ್ತೂ ಅದೇ ಯುಕ್ತಿ ಸಾಕು. ಈಗ 14ನೇ ಅಧ್ಯಾಯ, 19ನೇ ವಚನ. ಫರೋಹನ ರಥಗಳು ಬೆನ್ನ ಹಿಂದೆ ಬಂದಾಗ, ಅಷ್ಟು ದಿನ ಮುಂದೆ ನಡೆದ ಮೇಘಸ್ತಂಭ ಜಾಗ ಬದಲಾಯಿಸ್ತು. ಜನರ ಹಿಂದೆ ಬಂದು ನಿಲ್ತು. ಲೀಡ್ ಹೋಗ್ತಿದ್ದ ದೇವರು ಆ ರಾತ್ರಿ ಸ್ವೀಪ್‌ಗೆ ಬಂದನು. ಮುಂದಿದ್ದವರು ಆ ರಾತ್ರಿ ತಲೆ ಎತ್ತಿ ನೋಡಿದ್ರೆ ಸ್ತಂಭ ಕಾಣ್ತಿರಲಿಲ್ಲ, ಸಮುದ್ರ ಕಾಣ್ತಿತ್ತು. ದೇವರು ಬಿಟ್ಟುಹೋದ ಅಂತ ಎಷ್ಟು ಜನ ಅಂದ್ಕೊಂಡ್ರೋ! ಆತನು ಇದ್ದದ್ದು ಕುಂಟುವ ಅಜ್ಜಿ, ಬಸುರಿ ಹೆಂಗಸು, ಕುರಿ ಹೊಡ್ಕೊಂಡು ಬರ್ತಿದ್ದ ಹುಡುಗ, ಇವರ ಪಕ್ಕದಲ್ಲಿ. ಹಲ್ಲೆಲೂಯಾ!

ಆ ತಮ್ಮ, ಕೆಲಸ ಹೋದವನು, ಐದು ವಾರದಿಂದ ಸಭೆಗೆ ಬಂದಿಲ್ಲ. ನಿನ್ನ ಸಾಕ್ಷಿ ಸುಳ್ಳಲ್ಲ ಅಂತ ನಾನು ಅವನ ರೂಮಿಗೇ ಹೋಗಿ ಹೇಳಿದ್ದೀನಿ. ದೇವರು ಕೆಲಸ ಕೊಟ್ಟಿದ್ದು ನಿಜ, ಕೆಲಸ ಹೋಗಿದ್ದೂ ನಿಜ, ಎರಡನ್ನೂ ಇಲ್ಲಿ ನಿಂತು ಹೇಳಬಹುದು. ಅವನಿಗೆ ನಾಚಿಕೆ ಇರೋದು ದೇವರ ಮುಂದೆ ಅಲ್ಲ, ನಮ್ಮ ಮುಂದೆ. ಮತ್ತೆ ಇಲ್ಲಿ ಬಂದ್ರೆ ಯಾರಾದ್ರೂ "ಕೆಲಸ ಹೇಗಿದೆ ಬ್ರದರ್" ಅಂತ ಕೇಳ್ತಾರಲ್ಲ, ಅದಕ್ಕೆ.

ಅದಕ್ಕೇ ಇವತ್ತು ಮುಂದೆ ಬಂದು ಕೈ ಎತ್ತಿ ಅಂತ ಕೇಳಲ್ಲ. ಮೊಬೈಲ್ ತೆಗೀರಿ. ಮೂರು ತಿಂಗಳ ಹಿಂದೆ ನಿಮ್ಮ ಪಕ್ಕ ಕೂರ್ತಿದ್ದು ಈಗ ಕಾಣದವರ ಒಂದು ಹೆಸರು ಬರ್ಕೊಳ್ಳಿ. ಒಂದೇ. ಈ ವಾರ ಅವರಿಗೆ ವಾಕ್ಯ ಫಾರ್ವರ್ಡ್ ಮಾಡಬೇಡಿ, "ಭಾನುವಾರ ಬನ್ನಿ" ಅಂತಾನೂ ಹೇಳಬೇಡಿ. ಊಟಕ್ಕೆ ಹೋಗಿ. ಬಿಲ್ಲು ನೀವೇ ಕೊಡಿ. ಬಾಡಿಗೆಗೆ ಕಷ್ಟ ಇದೆ ಅಂತ ಗೊತ್ತಾದ್ರೆ ನನಗೋ ಹಿರಿಯರಿಗೋ ಹೇಳಿ, ಹೆಸರು ಹೊರಗೆ ಬರಲ್ಲ.

ಕೀಬೋರ್ಡ್ ತಮ್ಮ ಬಾರಪ್ಪ. ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚಿ. ಬರೆದ ಹೆಸರನ್ನ ಮೆಲ್ಲಗೆ ದೇವರ ಹತ್ರ ಹೇಳಿ.

ಕರ್ತನೇ, ಈ ಹೆಸರುಗಳು ನಿನಗೆ ಗೊತ್ತು. ಫೋನ್ ಎತ್ತದೆ ರೂಮಿನಲ್ಲಿ ಮಲಗಿರುವವರು ಇದ್ದಾರೆ, ಮನೆಯವರಿಗೆ ಸುಳ್ಳು ಹೇಳಿ ಬೆಳಿಗ್ಗೆ ಆಫೀಸಿಗೆ ಅಂತ ಹೊರಟು ಪಾರ್ಕಿನಲ್ಲಿ ಕೂರುವವರು ಇದ್ದಾರೆ. ಅವರ ಹಿಂದೆ ಬಾ ತಂದೆಯೇ. ನಾವು ಅವರ ಬಾಗಿಲು ತಟ್ಟುವ ಮೊದಲು ನೀನು ಅಲ್ಲಿರು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.